ದಾಳ ಹಿಡಿದ ಭಾಗವತ

ನಮ್ಮ ತುಮಕೂರು ಸೀಮೆಯಲ್ಲಿ ಊರಿನವರೇ ಸೇರಿ ‘ಕುರುಕ್ಷೇತ್ರ’ ಆಡುವಾಗ, ಪ್ರಾಕ್ಟೀಸ್ ಶುರುವಾಗುವ ಮುಂಚೆ ಪಾತ್ರ ಹಂಚುವ ಒಂದು ರಾತ್ರಿ ಇರುತ್ತದೆ. ಹಾರ್ಮೋನಿಯಂ ಮುಂದೆ ಕೂತ ಡ್ರಾಮಾ ಮೇಷ್ಟ್ರು ಒಂದೊಂದೇ ಪಾತ್ರದ ಹೆಸರು ಹೇಳುತ್ತಾರೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ವಿದುರನಿಗೆ ಅದಕ್ಕಿಂತ ಕಡಿಮೆ ಎಂದು ಪಾತ್ರಕ್ಕೊಂದು ಮೊತ್ತ. ಹೊರಗಿನಿಂದ ಬಂದವರು ಅದನ್ನು ನಟನಿಗೆ ಸಿಗುವ ಸಂಭಾವನೆ ಎಂದುಕೊಳ್ಳುತ್ತಾರೆ. ಅಲ್ಲ, ಪಾತ್ರ ಮಾಡುವವನೇ ತನ್ನ ಜೇಬಿನಿಂದ ಕೊಡಬೇಕಾದ ದುಡ್ಡು ಅದು. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಬಳ, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ ಎಲ್ಲ ಅದರಿಂದಲೇ ಹೊರಡಬೇಕು. ತೆಂಗಿನ ತೋಟದವರು, ಲೈನ್‌ಮನ್‌ಗಳು, ಬಸ್ ಡ್ರೈವರ್‌ಗಳು, ಪೊಲೀಸ್ ಪೇದೆಗಳು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಂದ, ಸೀಸ ಪದ್ಯಗಳನ್ನು ಕಲಿತು, ಒಂದೇ ಒಂದು ರಾತ್ರಿ ಕಿರೀಟ ಇಟ್ಟುಕೊಂಡು, ಬೆಳಗಾದ ಮೇಲೆ ಬಣ್ಣ ತೊಳೆದು ಕೆಲಸಕ್ಕೆ ಹೋಗುತ್ತಾರೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಈ ನೆಲಕ್ಕೆ ಹತ್ತಿಸಿ ಹೋದ ಹುಚ್ಚು ಇದು. ಅದನ್ನು ಬೆಳೆಸಿದ ಗುಬ್ಬಿ ವೀರಣ್ಣನವರ ಕಂಪನಿಯ ಕಾಲ ಮುಗಿಯಿತು, ಹುಚ್ಚು ಮುಗಿದಿಲ್ಲ. ನಗರದಲ್ಲಿ ಅವರ ಹೆಸರಿನ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕದ ಬ್ಯಾನರ್ ಈಗಲೂ ಕಾಣುತ್ತದೆ.

ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ನಾನು ಆಡಿಸುವ ಆಟ ಏನೆಂದು ಯಾರಾದರೂ ಕೇಳಿದರೆ ಈ ಪಾತ್ರ ಹಂಚುವ ರಾತ್ರಿಯಿಂದಲೇ ಶುರು ಮಾಡುತ್ತೇನೆ. ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಮೇಜಿನ ಸುತ್ತ ಕೂತು ಆಡುವ ನಾಟಕ, ಆದರೆ ಮಾತು ಯಾರೂ ಬರೆದುಕೊಟ್ಟಿರುವುದಿಲ್ಲ’ ಎಂದರೆ ತಲೆ ಆಡಿಸುತ್ತಾರೆ.

ಆಟ ನಡೆಯುವುದು ಹೀಗೆ. ನಾಲ್ಕೋ ಐದೋ ಜನ ಕೂರುತ್ತಾರೆ. ಒಬ್ಬೊಬ್ಬರ ಕೈಲಿ ಒಂದು ಪಾತ್ರದ ಹಾಳೆ. ಅವನು ಯಾರು, ಅವನಿಗೆ ಏನು ಗೊತ್ತು, ಯಾವುದರಲ್ಲಿ ಗಟ್ಟಿ, ಯಾವುದಕ್ಕೆ ಹೆದರುತ್ತಾನೆ ಎಂಬುದೆಲ್ಲ ಅದರಲ್ಲಿರುತ್ತದೆ. ಇನ್ನೊಬ್ಬರು ಆಟ ನಡೆಸುವವರು. ಅವರು ಸಂದರ್ಭ ಹೇಳುತ್ತಾರೆ: ‘ಕೋಟೆಯ ದಿಡ್ಡಿ ಬಾಗಿಲ ಹತ್ತಿರ ಬಂದಿದ್ದೀರಿ. ಕಾವಲಿನವನು ತೂಕಡಿಸುತ್ತಿದ್ದಾನೆ, ಅವನ ನಾಯಿ ತೂಕಡಿಸುತ್ತಿಲ್ಲ. ಏನು ಮಾಡುತ್ತೀರಿ?’ ಒಬ್ಬರು ನಾಯಿಗೆ ರೊಟ್ಟಿ ಎಸೆಯುತ್ತೇನೆ ಅನ್ನುತ್ತಾರೆ, ಇನ್ನೊಬ್ಬರು ಗೋಡೆ ಹತ್ತುತ್ತೇನೆ ಅನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಇದ್ದಲ್ಲಿ ಮಾತ್ರ ದಾಳ. ಇಪ್ಪತ್ತು ಮುಖದ ದಾಳ ಉರುಳಿಸಿ, ಬಿದ್ದ ಗರಕ್ಕೆ ಪಾತ್ರದ ನೈಪುಣ್ಯದ ಅಂಕ ಸೇರಿಸಿ, ಆಟ ನಡೆಸುವವರು ಹೇಳಿದ ಸಂಖ್ಯೆ ಮುಟ್ಟಿದರೆ ಕೆಲಸ ಆಯಿತು. ಮುಟ್ಟದಿದ್ದರೆ ಕಥೆ ಬೇರೆ ಕಡೆ ತಿರುಗುತ್ತದೆ.

ಇದಕ್ಕೆ ಅಚ್ಚಿನ ರೂಪ ಕೊಟ್ಟವರು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. 1974ರಲ್ಲಿ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೊದಲ ಸಲ ಹೊರಬಂದಾಗ ಇದ್ದದ್ದು 1000 ಪ್ರತಿ, ಅವನ್ನೂ ಕೈಯಲ್ಲೇ ಜೋಡಿಸಿದ್ದು. ಆಟ ಅಚ್ಚಾಗುವ ಮುಂಚೆಯೇ ಆಟದ ಜಾತ್ರೆ ಇತ್ತು ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. 1968ರಲ್ಲಿ ಗೈಗ್ಯಾಕ್ಸ್ ತಮ್ಮ ಊರು ಲೇಕ್ ಜಿನೀವಾದ ತೋಟಗಾರಿಕಾ ಸಂಘದ ಸಭಾಂಗಣವನ್ನು 50 ಡಾಲರ್ ಬಾಡಿಗೆಗೆ ಹಿಡಿದು ಯುದ್ಧದಾಟ ಆಡುವವರನ್ನೆಲ್ಲ ಒಂದು ಕಡೆ ಸೇರಿಸಿದರು. ಅದೇ ಮುಂದೆ ಜೆನ್ ಕಾನ್ ಆಯಿತು. ಈಗ ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ವರ್ಷ ಹತ್ತಾರು ಸಾವಿರ ಜನ ಅದಕ್ಕೆ ಸೇರುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಕಾಮಿಕ್ ಕಾನ್ ಇದೆ, ಬೋರ್ಡ್ ಗೇಮ್ ಆಡುವವರ ಸಣ್ಣ ದೊಡ್ಡ ಕೂಟಗಳಿವೆ. ತುಮಕೂರಿನಿಂದ ಬೆಳಗಿನ ರೈಲು ಹತ್ತಿ, ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ ದಾಟುವಷ್ಟರಲ್ಲಿ ಚೀಲದಲ್ಲಿದ್ದ ಪಾತ್ರದ ಹಾಳೆಗಳನ್ನು ಇನ್ನೊಂದು ಸಲ ಓದಿಕೊಂಡು, ಯಶವಂತಪುರದಲ್ಲಿ ಇಳಿದು ಅಂಥ ಕೂಟಗಳಿಗೆ ಹೋಗುವ ಅಭ್ಯಾಸ ನನ್ನದು.

ಮನೆಯಲ್ಲಿ ಸ್ನೇಹಿತರಿಗೆ ಆಡಿಸುವುದಕ್ಕೂ ಜಾತ್ರೆಯಲ್ಲಿ ಆಡಿಸುವುದಕ್ಕೂ ಬಹಳ ವ್ಯತ್ಯಾಸ. ಮನೆಯಲ್ಲಿ ಕಥೆ ವರ್ಷಗಟ್ಟಲೆ ಸಾಗಬಹುದು, ಈ ವಾರ ಮಾತಾಡದವನು ಮುಂದಿನ ವಾರ ಮಾತಾಡಬಹುದು. ಜಾತ್ರೆಯ ಮೇಜಿಗೆ ಬರುವ ಐದು ಜನ ಒಬ್ಬರಿಗೊಬ್ಬರು ಹೊಸಬರು. ಮೂವರಿಗೆ ಆಟ ಗೊತ್ತಿರುತ್ತದೆ, ಒಬ್ಬರು ಪುಸ್ತಕ ಪೂರ್ತಿ ಬಾಯಿಪಾಠ ಮಾಡಿರುತ್ತಾರೆ, ಇನ್ನೊಬ್ಬರು ಯಾರದೋ ಜೊತೆ ಬಂದು ಖಾಲಿ ಕುರ್ಚಿ ನೋಡಿ ಕೂತಿರುತ್ತಾರೆ. ಪಕ್ಕದ ಮೇಜಿನ ಗಲಾಟೆ, ಮೈಕಿನ ಕೂಗು. ಸಾಮಾನ್ಯವಾಗಿ ಕೊಡುವುದು ನಾಲ್ಕು ಗಂಟೆ. ಅದು ಮುಗಿಯುತ್ತಿದ್ದಂತೆ ಮುಂದಿನ ಗುಂಪು ಬಂದು ಕುರ್ಚಿಯ ಹಿಂದೆ ನಿಲ್ಲುತ್ತದೆ.

ಆ ನಾಲ್ಕು ಗಂಟೆಯ ಲೆಕ್ಕ ಹಾಕಿ ನೋಡಿ. 240 ನಿಮಿಷ. ಆಟ ವಿವರಿಸಿ ಪಾತ್ರ ಹಂಚುವುದಕ್ಕೆ 20, ನಡುವೆ ಕಾಫಿಗೆ 10, ಕೊನೆಗೆ ಎಲ್ಲರ ಕಥೆ ಒಂದು ದಡಕ್ಕೆ ಸೇರಿಸಲು 10. ಉಳಿದದ್ದು 200. ಅದರಲ್ಲಿ ಅರ್ಧ ಆಟ ನಡೆಸುವವರ ಮಾತಿಗೇ ಹೋಗುತ್ತದೆ. ಉಳಿದ 100 ನಿಮಿಷ ಐದು ಜನಕ್ಕೆ. ಬೆಳಗಿನಿಂದ ಕಾದು, ಟಿಕೆಟ್ ಕೊಟ್ಟು ಬಂದ ಒಬ್ಬ ಮನುಷ್ಯ ನಿಜವಾಗಿ ಇನ್ನೊಬ್ಬನಾಗಿ ಮಾತಾಡುವುದು 20 ನಿಮಿಷ. ಒಬ್ಬರು 50 ನಿಮಿಷ ತಿಂದರೆ ಉಳಿದ ನಾಲ್ವರ ಪಾಲಿಗೆ ಹನ್ನೆರಡೂವರೆ.

ನನ್ನ ಮೊದಲ ಜಾತ್ರೆಯ ಮೇಜಿನಲ್ಲಿ ಆದದ್ದು ಇದೇ, ಇನ್ನೂ ಕೆಟ್ಟದಾಗಿ. ಚೆನ್ನಾಗಿ ಮಾತಾಡುವ ಹುಡುಗನೊಬ್ಬ ಬಂದಿದ್ದ. ಅವನು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಡುತ್ತ ಹೋದೆ, ಅವನ ಮಾತಿನ ಸೊಗಸಿಗೆ ನಾನೇ ಮರುಳಾಗಿದ್ದೆ. ಮೇಜಿನ ಮೂಲೆಯಲ್ಲಿ ಕೂತ ಹೆಣ್ಣುಮಗಳೊಬ್ಬಳು ನಾಲ್ಕು ಗಂಟೆಯಲ್ಲಿ ಎರಡು ಸಲ ಬಾಯಿ ಬಿಟ್ಟಳು. ಎರಡನೆಯ ಸಲ ಕೇಳಿದ್ದು ಟಾಯ್ಲೆಟ್ ಎಲ್ಲಿದೆ ಎಂದು. ಕಥೆಯನ್ನೂ ಮುಗಿಸಲಾಗಲಿಲ್ಲ. ಗುಹೆಯ ಬಾಗಿಲು ತೆರೆಯುವ ಹೊತ್ತಿಗೆ ಸಮಯ ಆಗಿಹೋಯಿತು. ಹೋಗುವಾಗ ಅವಳು ಪಾತ್ರದ ಹಾಳೆಯನ್ನು ಮಡಚದೆ, ಗೆರೆ ಬೀಳಿಸದೆ, ಕೊಟ್ಟ ಹಾಗೇ ವಾಪಸ್ ಇಟ್ಟು ‘ಥ್ಯಾಂಕ್ಸ್ ಸರ್’ ಅಂದಳು. ವಾಪಸ್ ರೈಲಿನಲ್ಲಿ ಆ ಹಾಳೆಯನ್ನೇ ನೋಡುತ್ತ ಬಂದೆ. ಸಂಗೀತ ಬಲ್ಲ ಕಳ್ಳಿಯ ಪಾತ್ರ ಅದು. ಅವಳ ಹಾಡನ್ನು ಯಾರೂ ಕೇಳಲೇ ಇಲ್ಲ.

ತಪ್ಪು ಆ ಹುಡುಗನದಲ್ಲ. ಮಾತಿನ ಸರದಿ ಹಂಚಬೇಕಾಗಿದ್ದವನು ನಾನು. ಆ ವಿದ್ಯೆಯನ್ನು ನಾನು ಕಲಿತದ್ದು ಆಟದ ಪುಸ್ತಕಗಳಿಂದಲ್ಲ, ಕರಾವಳಿಯ ತಾಳಮದ್ದಳೆಯಿಂದ.

ತಾಳಮದ್ದಳೆ ನಮ್ಮ ಬಯಲುಸೀಮೆಯದಲ್ಲ. ಇಲ್ಲಿನದು ಮೂಡಲಪಾಯ ಯಕ್ಷಗಾನ. ಆದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡಿನ ಕಡೆ ಅದನ್ನು ಕೇಳದವರಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ ಮದ್ದಳೆಯವರು ಒಂದು ಕಡೆ, ಎದುರುಬದುರು ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿಗಳು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದವರು ಅದಕ್ಕೆ ಆಗಿಂದಾಗಲೇ ಅರ್ಥ ಹೇಳುತ್ತಾರೆ. ಬಾಯಿಪಾಠದ ಮಾತಿಲ್ಲ. ಬೇರೆ ಬೇರೆ ಊರಿನಿಂದ ಬಂದು, ರಿಹರ್ಸಲ್ ಎಂಬುದೇ ಇಲ್ಲದೆ, ಕೂತಲ್ಲೇ ಕೃಷ್ಣನೂ ಕೌರವನೂ ಆಗಿಬಿಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು, ದೇರಾಜೆ ಸೀತಾರಾಮಯ್ಯನವರು ಇಂಥ ಕೂಟಗಳಲ್ಲಿ ಬೆಳೆಸಿದ ಮಾತಿನ ಎತ್ತರವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಬೇರೆ ಬೇರೆ ಕಡೆಯವರು ಒಂದೆಡೆ ಕೂತು, ಗೊತ್ತಿರುವ ಚೌಕಟ್ಟಿನೊಳಗೆ, ಗೊತ್ತಿಲ್ಲದ ಮಾತನ್ನು ಹುಟ್ಟಿಸುವುದು. ಜಗತ್ತಿನಲ್ಲಿ ಮೇಜಿನಾಟಕ್ಕೆ ಇದಕ್ಕಿಂತ ಹತ್ತಿರದ ನೆಂಟ ನನಗೆ ಕಂಡಿಲ್ಲ.

ಅಲ್ಲಿ ಕೇಳುಗರು ಅರ್ಥಧಾರಿಯ ಮಾತಿಗೆ ಕಿವಿ ಕೊಟ್ಟಿರುತ್ತಾರೆ. ಮೇಜಿನಾಟ ನಡೆಸುವವರು ಮಾತ್ರ ಭಾಗವತರನ್ನು ನೋಡಬೇಕು. ಅವರು ಮಾತಾಡುವುದೇ ಇಲ್ಲ, ಆದರೂ ಇಡೀ ಕೂಟ ಅವರ ಕೈಯಲ್ಲಿರುತ್ತದೆ. ಪ್ರಸಂಗದಲ್ಲಿ ನೂರಾರು ಪದ್ಯಗಳಿದ್ದರೂ ಇವತ್ತಿನ ಸಮಯಕ್ಕೆ ಎಷ್ಟು ಬೇಕೋ ಅಷ್ಟನ್ನು ಮೊದಲೇ ಆರಿಸಿರುತ್ತಾರೆ. ಒಬ್ಬರ ಪೀಠಿಕೆ ಉದ್ದವಾಯಿತು ಎನ್ನಿಸಿದರೆ ಗದರುವುದಿಲ್ಲ, ‘ಸಾಕು’ ಎನ್ನುವುದಿಲ್ಲ. ಒಂದು ವಾಕ್ಯ ಮುಗಿಯುವುದನ್ನೇ ಕಾದು ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಆ ಪದ್ಯ ಎದುರು ಕೂತವನದ್ದು. ಮಾತಿನ ಸರದಿ ದಾಟಿಹೋಯಿತು, ಯಾರ ಮಾನವೂ ಹೋಗಲಿಲ್ಲ. ಒಳ್ಳೆಯ ಅರ್ಥಧಾರಿಗಳೂ ಹಾಗೆಯೇ. ಎದುರಿನವನು ಹೊಸಬ ಎಂದು ಗೊತ್ತಾದರೆ ಅವನಿಗೆ ಉತ್ತರ ಸಿಗುವಂಥ ಪ್ರಶ್ನೆ ಹಾಕುತ್ತಾರೆ.

ಈಗ ನನ್ನ ಮೇಜಿನಲ್ಲಿ ಇದನ್ನೇ ಮಾಡುತ್ತೇನೆ. ಆರು ಸನ್ನಿವೇಶ ಬರೆದುಕೊಂಡು ಹೋಗುತ್ತೇನೆ, ಅದರಲ್ಲಿ ಎರಡು ಬಿಟ್ಟರೂ ಕಥೆ ತುಂಡಾಗುವುದಿಲ್ಲ ಎನ್ನುವ ಹಾಗೆ. ಎಲ್ಲರಿಗೂ ಕಾಣುವ ಹಾಗೆ ಒಂದು ಗಡಿಯಾರ ಇಡುತ್ತೇನೆ. ಒಬ್ಬರ ಮಾತು ಬೆಳೆಯತೊಡಗಿದರೆ ಅವರ ವಾಕ್ಯ ಮುಗಿಯಲು ಬಿಟ್ಟು, ಇನ್ನೊಬ್ಬರ ಪಾತ್ರದ ಹೆಸರು ಹಿಡಿದು ಕರೆಯುತ್ತೇನೆ. ‘ಅಷ್ಟರಲ್ಲಿ, ಗೌರಮ್ಮ, ನಿಮಗೆ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು.’ ಇದು ನನ್ನ ಪದ್ಯ.

ಕಥೆಯನ್ನೂ ಇಲ್ಲಿಗೇ ತಂದೆ. ಡ್ರ್ಯಾಗನ್ ಇರುವ ಗುಹೆಯನ್ನು ವರ್ಣಿಸಲು ನನಗೆ ಹತ್ತು ನಿಮಿಷ ಬೇಕು. ಮಧುಗಿರಿಯ ಏಕಶಿಲಾ ಬೆಟ್ಟ ಎಂದರೆ ಅರ್ಧ ನಿಮಿಷ ಸಾಕು. ಕೋಟೆಗೆ ಮುತ್ತಿಗೆ ಬಿದ್ದಿದೆ, ಮೇಲಿನ ದೊಣೆಗಳಲ್ಲಿ ನೀರು ತಳ ಕಂಡಿದೆ, ಐದು ಜನ ಕತ್ತಲಲ್ಲಿ ಕೆಳಗಿಳಿದು ಸುದ್ದಿ ಮುಟ್ಟಿಸಬೇಕು. ಬೆಳ್ಳಿ ಮೂಡುವುದರೊಳಗೆ ಆಗಬೇಕು ಎನ್ನುವುದರಿಂದ ಕಥೆಯ ಗಡಿಯಾರವೂ ಮೇಜಿನ ಗಡಿಯಾರವೂ ಜೊತೆಗೇ ಓಡುತ್ತವೆ. ಐವರಲ್ಲಿ ಒಬ್ಬರು ಬಂಡೆಗೆ ಹಗ್ಗ ಬಿಟ್ಟು ಜೇನು ಕೀಳುವವರು, ಒಬ್ಬರು ಸೂಲಗಿತ್ತಿ ಗೌರಮ್ಮ, ಒಬ್ಬರು ಸಂತೆ ಸಂತೆ ತಿರುಗಿ ನಾಲ್ಕು ಭಾಷೆ ಬಲ್ಲ ಕೊಬ್ಬರಿ ವ್ಯಾಪಾರಿ, ಒಬ್ಬ ಓಡಿಬಂದ ಸಿಪಾಯಿ. ಐದನೆಯದು ಉಪ್ಪಾರರ ಮೇಸ್ತ್ರಿ. ನಮ್ಮ ಬಡಾವಣೆ ಹೆಸರಿನಲ್ಲೇ ಹೊತ್ತಿರುವ ಜನ ಅವರು. ಉಪ್ಪು ತೆಗೆಯುತ್ತಿದ್ದವರು, ಕೆರೆ ಏರಿಗೆ ಮಣ್ಣು ಹೊತ್ತವರು, ಗೋಡೆಗೆ ಗಾರೆ ಹಾಕಿದವರು. ಕೋಟೆ ಕಟ್ಟಿದವರ ಮೊಮ್ಮಗನಿಗೆ ಯಾವ ಗೋಡೆ ಟೊಳ್ಳು ಎಂದು ಗೊತ್ತಿರುತ್ತದೆ.

ಈ ಮೇಸ್ತ್ರಿಯ ಹಾಳೆಯನ್ನು ಬೇಕೆಂದೇ ಎಲ್ಲರಿಗಿಂತ ಸುಮ್ಮನೆ ಕೂತವರಿಗೆ ಕೊಡುತ್ತೇನೆ. ಕಾರಣ ಲೆಕ್ಕದಲ್ಲಿದೆ. ಟೊಳ್ಳು ಗೋಡೆ ಹುಡುಕಲು ಒಟ್ಟು 15 ಬರಬೇಕು ಎಂದಿಟ್ಟುಕೊಳ್ಳಿ. ಮೇಸ್ತ್ರಿಯ ಕೈಚಳಕಕ್ಕೆ 5 ಸೇರುತ್ತದೆ, ಹಾಗಾಗಿ ದಾಳದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಸಾಕು. ಇಪ್ಪತ್ತರಲ್ಲಿ ಹನ್ನೊಂದು ಮುಖ, ಅಂದರೆ ನೂರಕ್ಕೆ 55ರ ಸಾಧ್ಯತೆ. ಏನೂ ಸೇರದ ಸಿಪಾಯಿ ಎಷ್ಟೇ ಸೊಗಸಾಗಿ ಮಾತಾಡಿದರೂ ಅವನ ಸಾಧ್ಯತೆ ನೂರಕ್ಕೆ 30. ಇನ್ನೊಬ್ಬರು ದೀಪ ಹಿಡಿದು ಮೇಸ್ತ್ರಿಗೆ ನೆರವಾದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆಗ ಸಾಧ್ಯತೆ ನೂರಕ್ಕೆ 80ರ ಹತ್ತಿರಕ್ಕೆ ಏರುತ್ತದೆ. ಇಷ್ಟು ಗೊತ್ತಾದ ಕೂಡಲೇ ನಾಲ್ವರೂ ಆ ಮೌನಿಯ ಕಡೆ ತಿರುಗುತ್ತಾರೆ. ‘ಮೇಸ್ತ್ರಿ, ನೀವೇ ಹೇಳಿ, ಎಲ್ಲಿ ಒಡೆಯೋಣ?’ ನಾನು ಯಾರನ್ನೂ ಸುಮ್ಮನಿರಿಸಬೇಕಿಲ್ಲ.

ಹಿಂದೆ ಜಾತ್ರೆಯ ಆಟ ಹೀಗಿರಲಿಲ್ಲ. 1975ರಲ್ಲಿ ಬಾಲ್ಟಿಮೋರಿನ ಮೊದಲ ಒರಿಜಿನ್ಸ್ ಮೇಳಕ್ಕೆಂದು ಗೈಗ್ಯಾಕ್ಸ್ ಸಿದ್ಧಪಡಿಸಿದ ‘ಟೂಂಬ್ ಆಫ್ ಹಾರರ್ಸ್’ ಸ್ಪರ್ಧೆಯ ಆಟ. ಹೆಜ್ಜೆಗೊಂದು ಬಲೆ, ತಪ್ಪಿದರೆ ಸಾವು. ಯಾವ ತಂಡ ಎಷ್ಟು ದೂರ ಬದುಕಿ ಹೋಯಿತು ಎಂಬುದೇ ಅಲ್ಲಿನ ಪ್ರಶ್ನೆ. ಪಳಗಿದವರಿಗೆ ಅದು ಒಳ್ಳೆಯ ಒರೆಗಲ್ಲು. ಆದರೆ ಮೊದಲ ಸಲ ಕೂತವನನ್ನು ಅರ್ಧ ಗಂಟೆಯಲ್ಲಿ ಕೊಂದು ಮೂರೂವರೆ ಗಂಟೆ ನೋಡುತ್ತ ಕೂರಿಸುವ ಆಟವನ್ನು ನಾನು ಜಾತ್ರೆಗೆ ಒಯ್ಯಲಾರೆ. ಇನ್ನೊಂದು ಎಚ್ಚರಿಕೆಯನ್ನೂ ಪಾಲಿಸುತ್ತೇನೆ: ಜಾನ್ ಸ್ಟಾವ್ರೊಪೊಲಸ್ ಎಂಬವರು ಬಳಕೆಗೆ ತಂದ ಎಕ್ಸ್ ಗುರುತಿನ ಚೀಟಿ. ಮೇಜಿನ ನಡುವೆ ಇಟ್ಟಿರುತ್ತೇನೆ. ಕಥೆ ಯಾರಿಗಾದರೂ ಸಹಿಸಲಾಗದ ಕಡೆ ಹೊರಳಿದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಹೇಳಬೇಕಿಲ್ಲ, ಆ ಮಾತನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇವೆ. ಗುರುತಿಲ್ಲದವರ ಮನಸ್ಸಿನಲ್ಲಿ ಯಾವ ನೋವಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು.

ಬೆಂಗಳೂರಿನ ಮೇಜುಗಳಲ್ಲಿ ಆಟ ನಡೆಯುವುದು ಬಹುಪಾಲು ಇಂಗ್ಲಿಷಿನಲ್ಲಿ. ಅಲ್ಲಿಗೆ ಬಂದ ಹುಡುಗರು ಆಪತ್ತಿನಲ್ಲಿ ‘ಅಯ್ಯೋ’ ಎಂದು ಕನ್ನಡದಲ್ಲಿ ಕೂಗಿ, ಮರುಕ್ಷಣ ಪಾತ್ರದ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಜೋಡಿಸುವ ಹೊತ್ತಿನಲ್ಲಿ ಪಾತ್ರ ಸತ್ತುಹೋಗುತ್ತದೆ. ಸೂಲಗಿತ್ತಿ ಕಾವಲಿನವನನ್ನು ಬೈಯಬೇಕಾದಾಗ ಅವಳ ಬಾಯಿಗೆ ಅವಳ ಊರಿನ ಬೈಗುಳವೇ ಬರಬೇಕು. ಅದಕ್ಕೇ ನಾನು ಕನ್ನಡದ ಮೇಜು ಎಂದು ಬೋರ್ಡು ಇಟ್ಟು ಕೂರುತ್ತೇನೆ. ನಿಯಮಗಳನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಇದಕ್ಕೆ ಯಾರ ಅಡ್ಡಿಯೂ ಇಲ್ಲ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಾವಳಿಯನ್ನು ಅದರ ಪ್ರಕಾಶಕರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದ್ದಾರೆ. ಮೂಲದವರ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ನಮ್ಮ ಕಡೆಯ ಕಥೆಗಳಿಗೆ ಆ ಅಂಗಳದಲ್ಲಿ ಜಾಗವಿದೆ ಎನ್ನುವುದಕ್ಕೂ ಸಾಕ್ಷಿ ಇದೆ. 2022ರಲ್ಲಿ ಅದೇ ಪ್ರಕಾಶಕರು ತಂದ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ ಸಂಕಲನದಲ್ಲಿ ಬಂಗಾಳದ ಲೇಖಕಿ ಮಿಮಿ ಮೊಂಡಲ್ ತಮ್ಮ ನೆಲದ ನದಿ ಕಾಡುಗಳಿಂದ ಕಟ್ಟಿದ ಕಥೆಯೊಂದಿದೆ.

ಅನುವಾದಕ್ಕೆ ಪದಗಳನ್ನು ಹುಡುಕಾಡಬೇಕಾಗಿಲ್ಲ. ಚೌಕಾಬಾರ ಆಡಿದ ಮನೆಯಲ್ಲಿ ಗರ ಎಂದರೇನು ಎಂದು ಮಕ್ಕಳಿಗೂ ಗೊತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ತಾವೇ ಕಟ್ಟಿ, ಚದುರಂಗದ ಕುದುರೆಯನ್ನು ಎಲ್ಲ ಮನೆಗೂ ಒಂದೊಂದೇ ಸಲ ಓಡಿಸುವ ದಾರಿಗಳನ್ನು ಬರೆದಿಟ್ಟವರು. ನಮ್ಮ ಕನ್ನಡಕ್ಕೆ ಆಟದ ಮಾತು ಹೊಸದೇ?

ಕನ್ನಡದಲ್ಲಿ ಆಡಿಸತೊಡಗಿದ ಮೇಲೆ ಬರುವವರೂ ಬದಲಾದರು. ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ, ಜಾತ್ರೆಗೆ ಹೋಗುವ ಮುಂಚೆ ಒಂದು ಸಲ ಆಡಿಸಿ ನೋಡುತ್ತೇನೆ. ಹೋದ ಮಳೆಗಾಲದಲ್ಲಿ ಹಿಂದಿನ ಬೀದಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೋಡಿದರು. ‘ಕುರುಕ್ಷೇತ್ರ’ದಲ್ಲಿ ಹದಿನೇಳು ಸಲ ಕರ್ಣ ಮಾಡಿದವರು. ಪ್ರತಿ ಸಲವೂ ಪಾತ್ರದ ದುಡ್ಡು ಕೊಟ್ಟೇ ಮಾಡಿದ್ದಾರೆ.

‘ಬನ್ನಿ ಅಣ್ಣ, ಕೂತ್ಕಳಿ’ ಅಂದೆ.

‘ಮಾತು ಯಾರು ಹೇಳ್ಕೊಡ್ತಾರೆ?’

‘ಯಾರೂ ಇಲ್ಲ. ನಿಮ್ಮ ಬಾಯಿಗೆ ಬಂದದ್ದು.’

ಸಿಪಾಯಿಯ ಹಾಳೆ ಕೊಟ್ಟೆ. ಮೊದಲ ಹತ್ತು ನಿಮಿಷ ರಂಗದ ಮೇಲಿದ್ದಂತೆ ದೊಡ್ಡ ಗಂಟಲಲ್ಲಿ ಮಾತಾಡಿದರು. ಆಮೇಲೆ ಗೊತ್ತಾಗದ ಹಾಗೆ ದನಿ ಇಳಿಯಿತು. ಪಡೆ ಬಿಟ್ಟು ಓಡಿಬಂದದ್ದಕ್ಕೆ ಸಿಪಾಯಿ ಯಾಕೆ ನಾಚುತ್ತಾನೆ ಎಂದು ಸೂಲಗಿತ್ತಿ ಕೇಳಿದಳು. ಆಡುತ್ತಿದ್ದವಳು ಕಾಲೇಜು ಹುಡುಗಿ. ಹಿರಿಯರು ಸ್ವಲ್ಪ ಹೊತ್ತು ದಾಳವನ್ನು ಕೈಯಲ್ಲಿ ತಿರುಗಿಸುತ್ತ ಕೂತು ಹೇಳಿದ ಉತ್ತರಕ್ಕೆ ಮೇಜಿನಲ್ಲಿ ಯಾರೂ ಉಸಿರೆತ್ತಲಿಲ್ಲ. ನಾನೂ ಮುಂದಿನ ಪದ್ಯ ಎತ್ತಲು ಹೋಗಲಿಲ್ಲ.

ಆಟ ಮುಗಿದ ಮೇಲೆ ಎಲ್ಲರೂ ಎದ್ದರೂ ಅವರು ಏಳಲಿಲ್ಲ.

‘ಮೇಷ್ಟ್ರೇ, ಇದ್ರಲ್ಲಿ ಕೊನೆ ಬರ್ದಿರಕಿಲ್ಲ ಅಂದ್ರಲ್ಲ?’

‘ಹೌದಣ್ಣ. ದಾಳ ಬಿದ್ದ ಹಾಗೆ.’

‘ಹಂಗಾದ್ರೆ ಕರ್ಣ ಸಾಯ್ದೇನೂ ಇರ್ಬೋದಾ?’

ತಾಳಮದ್ದಳೆಯಲ್ಲಿ ವಾಲಿ ಮಾತಿನಲ್ಲಿ ರಾಮನನ್ನೂ ನಿರುತ್ತರ ಮಾಡಬಹುದು, ಆದರೆ ಪ್ರಸಂಗದ ಕೊನೆಗೆ ಸಾಯುವುದು ತಪ್ಪುವುದಿಲ್ಲ. ನಾಟಕದಲ್ಲಿ ಕರ್ಣನ ಮಾತೂ ಬರೆದದ್ದು, ರಥದ ಚಕ್ರ ಹೂಳುವುದೂ ಬರೆದದ್ದು. ಹದಿನೇಳು ರಾತ್ರಿ ಆ ಚಕ್ರ ಎತ್ತಲಾಗದೆ ಬಿದ್ದ ಮನುಷ್ಯ ನನ್ನನ್ನು ಇದನ್ನು ಕೇಳುತ್ತಿದ್ದರು. ಚಕ್ರ ಎತ್ತಲು ಎಷ್ಟು ಬರಬೇಕು ಎಂದು ನಾನೇ ನಿರ್ಧರಿಸಬೇಕಾಗುತ್ತದೆ ಎಂಬುದು ಆಗ ಹೊಳೆದು, ಕೂಡಲೇ ಉತ್ತರ ಕೊಡಲಾಗಲಿಲ್ಲ. ಇರಬಹುದು ಅಣ್ಣ ಎಂದೆ, ಸ್ವಲ್ಪ ತಡೆದು.

ಈಗ ಆ ಹಾಳೆ ಬರೆಯುತ್ತಿದ್ದೇನೆ. ಬಿಲ್ವಿದ್ಯೆಗೆ ಎಷ್ಟು ಅಂಕ, ಶಾಪಕ್ಕೆ ಎಷ್ಟು ಕಳೆಯಬೇಕು ಎಂಬುದೆಲ್ಲ ಆಯಿತು. ಕವಚ ಕುಂಡಲದ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಕೊಡುವ ಮುಂಚಿನ ಕರ್ಣನೋ, ಕೊಟ್ಟ ಮೇಲಿನವನೋ ಎಂದು ಬರುವ ಭಾನುವಾರ ಅವರನ್ನೇ ಕೇಳಬೇಕು.